ನೀರು ಬಂದ ದಿಕ್ಕು

ಮುಶಿಗೇರಿಯಲ್ಲಿ ಹುಟ್ಟಿದವನನ್ನು ಸಮುದ್ರದ ನೀರು ಅಳೆಯಲು ಇಟ್ಟುಕೊಂಡಿದ್ದಾರೆ ಎಂದರೆ ಯಾರಿಗಾದರೂ ನಗು ಬರಬೇಕು. ಊರಲ್ಲಿ ನಕ್ಕರು ಕೂಡ. ಬೇಸಿಗೆ ಬಂತೆಂದರೆ ಟ್ಯಾಂಕರಿನ ಮುಂದೆ ಕೊಡ ಸಾಲು ಹಚ್ಚಿ, ಒಬ್ಬರ ಜಡೆ ಒಬ್ಬರು ಹಿಡಿದು ಜಗಳಾಡುವ ಊರು ಅದು. ಅಲ್ಲಿಯ ಪರಶು ಕರಾವಳಿಗೆ ಹೋಗಿ, ಸಮುದ್ರ ಯಾವ ಕಡೆ ಎಷ್ಟು ಜೋರಾಗಿ ಹರಿಯುತ್ತದೆಂದು ತಾಸಿಗೊಮ್ಮೆ ಪುಸ್ತಕದಲ್ಲಿ ಬರೆದಿಡುತ್ತಾನಂತೆ. ಅದಕ್ಕೊಂದು ಪಗಾರವಂತೆ. “ಸಮುದ್ರ ಎಲ್ಲೆರ ಓಡಿ ಹೋದೀತಂತ ಕಾಯಾಕ ಇಟ್ಟಾರೇನೋ ನಿನ್ನ?” ಎಂದು ಕಟ್ಟೆಯ ಮೇಲೆ ಕೂತ ಅಂದಾನಪ್ಪ ಫೋನಿನಲ್ಲಿ ಕೇಳಿದಾಗ ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ಪರಶುವೇ ನಕ್ಕಿದ್ದ.

ಕೆಲಸವಂತೂ ಖರೇ ಇತ್ತು. ದಂಡೆಯಿಂದ ಎರಡು ಮೈಲು ಒಳಗೆ ಹಡಗು ತಂಗುವ ಕಟ್ಟೆ ಕಟ್ಟಲು ಒಂದು ಕಂಪನಿ ಹೊರಟಿತ್ತು. ಕೆಲಸಗಾರರು ನಿಲ್ಲಲಿಕ್ಕೆಂದು ಮೊದಲು ನೀರಿನ ನಡುವೆ ನಾಲ್ಕು ಕಾಲಿನ ಕಬ್ಬಿಣದ ಅಟ್ಟ ನಿಲ್ಲಿಸಿದ್ದರು. ಯಾವ ಕಾಲಿಗೆ ನೀರು ಹೆಚ್ಚು ಬಡಿಯುತ್ತದೆ, ಯಾವ ಕಾಲಿನ ಬುಡದ ಮರಳು ಕೊಚ್ಚಿ ಹೋಗುತ್ತದೆ, ಎಲ್ಲಿ ಕಲ್ಲಿನ ಮೂಟೆ ಇಳಿಬಿಟ್ಟು ಭದ್ರ ಮಾಡಬೇಕು ಎಂಬುದನ್ನೆಲ್ಲ ಹೇಳುತ್ತಿದ್ದವಳು ಶೈಲಶ್ರೀ ಎಂಬ ಇಂಜಿನಿಯರು, ಗಜೇಂದ್ರಗಡದ ಸೀರೆ ವ್ಯಾಪಾರಸ್ಥರ ಮಗಳು. ಆಕೆ ಕಂಪ್ಯೂಟರಿನೊಳಗೆ ತನ್ನದೇ ಒಂದು ಸಮುದ್ರ ಮಾಡಿಟ್ಟಿದ್ದಳು. ಗಾಳಿ, ಆಳ, ಭರತ ಇಳಿತ ಎಲ್ಲ ಹಾಕಿ ಬಿಟ್ಟರೆ ಆ ಸಮುದ್ರ ತಾನೇ ಹರಿದು ತೋರಿಸುತ್ತಿತ್ತು. ಅದಕ್ಕೆ ಮಾದರಿ ಎನ್ನುತ್ತಾರೆ. ಮಾದರಿಯನ್ನು ಸುಮ್ಮನೆ ನಂಬುವ ಹಾಗಿಲ್ಲ. ನಿಜವಾದ ಸಮುದ್ರದ ಅಳತೆಗೆ ಅದನ್ನು ತಾಳೆ ನೋಡಿ, ತಪ್ಪಿದ್ದಲ್ಲಿ ತಿದ್ದಬೇಕು.

ಆ ಅಳತೆಯ ಯಂತ್ರ ಸಮುದ್ರದ ತಳದಲ್ಲಿತ್ತು. ಮೇ ತಿಂಗಳ ನಡುವೆ ಯಾರದೋ ಮೀನಿನ ಬಲೆ ಅದನ್ನು ಕಿತ್ತುಕೊಂಡು ಹೋಯಿತು. ಹೊಸದು ಬರಲು ತಿಂಗಳು ಬೇಕು, ಮಳೆಗಾಲ ನೋಡಿದರೆ ಬಾಗಿಲಿಗೆ ಬಂದಿತ್ತು. ಕೊನೆಗೆ ಉಗ್ರಾಣದ ಮೂಲೆಯಿಂದ ಹಳೇ ಕಾಲದ ಹಿತ್ತಾಳೆಯ ಯಂತ್ರವೊಂದನ್ನು ಹೊರಗೆ ತೆಗೆದರು. ಮೀನಿನ ಆಕಾರ, ಮೂತಿಗೆ ಪುಟ್ಟ ಪಂಖ, ಬಾಲಕ್ಕೆ ಅಗಲ ತಗಡು. ಉದ್ದನೆಯ ಕೊಳವೆಗೆ ಕಟ್ಟಿ ನೀರಿಗಿಳಿಸಿದರೆ ಪಂಖ ತಿರುಗಿದಷ್ಟು ವೇಗ; ಮೀನಿನ ಮೂತಿ ಎತ್ತ ತಿರುಗಿದೆ ಎಂಬುದನ್ನು ಮೇಲಿನ ತಟ್ಟೆಯ ಮುಳ್ಳು ತೋರಿಸುತ್ತಿತ್ತು. ಬರೆಯುವವರು ಯಾರು ಎಂಬ ಪ್ರಶ್ನೆ ಬಂತು. ಅಟ್ಟದ ಮೇಲೆ ಕಬ್ಬಿಣ ಹೊರುತ್ತಿದ್ದ ಇಪ್ಪತ್ತು ಮಂದಿಯಲ್ಲಿ ಪಿಯುಸಿ ಪಾಸಾದವನು ಪರಶು ಒಬ್ಬನೇ, ಅಕ್ಷರವೂ ಮುತ್ತು ಪೋಣಿಸಿದ ಹಾಗೆ. ಮೇಲಾಗಿ ಫೋನಿನಲ್ಲಿ ಅವನ “ಹೌದ್ರಿ ಅಕ್ಕಾರ” ಕೇಳಿದರೆ ಶೈಲಶ್ರೀಗೆ ತನ್ನ ಓಣಿಗೇ ಹೋಗಿ ಬಂದಂತಾಗುತ್ತಿತ್ತು. “ನಮ್ಮ ಕಡೆಯವನು, ಸುಳ್ಳು ಬರೆಯೋದಿಲ್ಲ” ಎಂದು ಆಕೆ ಆಫೀಸಿನಲ್ಲಿ ಅವನ ಪರವಾಗಿ ಮಾತಾಡಿದಳು. ಪರಶು ಹದಿನೆಂಟು ದಿನ ತಾಸು ತಪ್ಪಿಸದೆ ಬರೆದ, ದಿನಾ ಸಂಜೆ ಹಾಳೆಯ ಫೋಟೋ ತೆಗೆದು ಶೈಲಶ್ರೀಗೆ ಕಳಿಸಿದ. ಕಣ್ಣಿಗೆ ಕಂಡದ್ದನ್ನೇ ಬರೆದ.

ಅಟ್ಟದ ಮೇಲೆ ದ್ಯಾಮೇಶನೂ ಇದ್ದ. ಪರಶುನ ಚಿಕ್ಕಮ್ಮ, ಅವನ ಬಾಯಲ್ಲಿ ಚಿಗವ್ವ, ಉಡಚವ್ವನ ಮಗ. ಗಂಡ ಸತ್ತ ಮೇಲೆ ಉಡಚವ್ವ ಜಕ್ಕಲಿಯ ತನಕ ಹೋಗಿ ಮೆಣಸಿನಕಾಯಿ ಬಿಡಿಸಿ ಅವನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಕರಾವಳಿಗೆ ಕರೆದುಕೊಂಡು ಹೋಗುತ್ತೇನೆಂದು ಪರಶು ಕೇಳಿದಾಗ ಎರಡು ದಿನ ಒಪ್ಪಿರಲಿಲ್ಲ. “ನೀರಂದ್ರ ಹೆದರಿಕಿ ನನಗ. ನೀ ಇರ್ತಿ ಅಂತ ಕಳಸಾಕತ್ತೀನಿ” ಎಂದಿದ್ದಳು. “ನಾ ಅದೀನಲ್ಲ ಚಿಗವ್ವಾ” ಎಂದು ಪರಶು ಹೇಳಿದ. ಹೇಳುವುದಕ್ಕೇನು, ಎಲ್ಲರೂ ಹೇಳುತ್ತಾರೆ.

ಜೂನ್ ಮೊದಲ ರವಿವಾರ ಮುಂಜಾನೆ ಆರಕ್ಕೆ ಅಟ್ಟ ಬಿತ್ತು. ತುಂಬಿದ ಪುಸ್ತಕ ಒಪ್ಪಿಸಲೆಂದು ಪರಶು ಹಿಂದಿನ ದಿನವೇ ದಂಡೆಗೆ ಬಂದಿದ್ದ. ಮೇಲಿದ್ದವರು ಐದು ಜನ, ನಾಲ್ವರನ್ನು ದೋಣಿಯವರು ಎತ್ತಿದರು. ದ್ಯಾಮೇಶ ಸಿಗಲಿಲ್ಲ. ಕಿತ್ತಳೆ ಬಣ್ಣದ ತೇಲುವ ಜಾಕೀಟು ಹಾಕಿದ್ದ, ಅಲೆಯ ಮೇಲೆ ಒಮ್ಮೆ ಕೈ ಎತ್ತಿದ್ದನ್ನು ಒಬ್ಬ ಕಂಡಿದ್ದ, ಅಷ್ಟರಲ್ಲಿ ಮಳೆ ಹೊಡೆದು ಏನೂ ಕಾಣದಂತಾಯಿತು. ಜಾಕೀಟು ಇದ್ದವನು ಎರಡು ದಿನ ತೇಲಬಲ್ಲ, ಹುಡುಕಿದರೆ ಸಿಕ್ಕೇ ಸಿಗುತ್ತಾನೆ ಎಂದು ಎಲ್ಲರೂ ಅಂದರು.

ಎಲ್ಲಿ ಹುಡುಕಬೇಕು? ಹುಡುಕುವ ದೋಣಿಯವರು ಕಂಪನಿಯನ್ನೇ ಕೇಳಿದರು. ಆ ನೀರನ್ನು ತಾಸಿಗೊಮ್ಮೆ ಅಳೆದವರು ಅವರೇ ಅಲ್ಲವೆ. ಶೈಲಶ್ರೀ ತನ್ನ ಮಾದರಿ ಓಡಿಸಿ, ಬಿದ್ದವನು ಯಾವ ಹೊತ್ತಿಗೆ ಎಲ್ಲಿರಬಹುದೆಂದು ನಕ್ಷೆ ತೆಗೆದುಕೊಟ್ಟಳು. ಪರಶುನನ್ನು ಮಾತ್ರ ಯಾರೂ ಕೇಳಲಿಲ್ಲ. ಕೂಲಿಗಳ ಮುಕಾದಮ ನಿಂಗಪ್ಪ ಅವನನ್ನು ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಿದ. “ನೀ ಇಲ್ಲಿದ್ದು ಏನ್ ಮಾಡ್ತಿ? ಊರಿಗೆ ಹೋಗು. ಮಂದಿ ಗಾಡಿ ಮಾಡಿಕೊಂಡು ಬಂದು ಇಲ್ಲಿ ಗದ್ಲಾ ಮಾಡದಂಗ ನೋಡ್ಕೋ. ಹೆಲಿಕಾಪ್ಟರ್ ಬರಾಕತ್ತೈತಿ ಅಂತ ಹೇಳು.” ಪರಶು ಅಳುತ್ತಲೇ ಬಸ್ಸಿನಲ್ಲಿ ಕೂತ, ಸಂಜೆ ಗಜೇಂದ್ರಗಡಕ್ಕೆ ಇಳಿದ, ಟಂಟಂ ಆಟೋ ಹತ್ತಿ ಮುಶಿಗೇರಿ ಸೇರಿದ.

ಸೋಮವಾರ ಮುಂಜಾನೆ ಉಡಚವ್ವನ ಮನೆಯ ಮುಂದೆ ಅರ್ಧ ಊರು ಕೂತಿತ್ತು. ಹೆಸರುಕಾಳು ಬಿತ್ತುವ ಹೊತ್ತು, ಆದರೂ ಯಾರೂ ಹೊಲಕ್ಕೆ ಹೋಗಿರಲಿಲ್ಲ. ಹನ್ನೊಂದರ ಸುಮಾರಿಗೆ ಪರಶುನ ಮೊಬೈಲಿಗೆ ಶೈಲಶ್ರೀ ಆ ನಕ್ಷೆಯನ್ನು ಕಳಿಸಿದಳು. ಮನೆಯವರಿಗೆ ತೋರಿಸಿ, ಬಿಡದೆ ಹುಡುಕುತ್ತಿದ್ದೇವೆಂದು ಧೈರ್ಯ ಹೇಳು ಎಂದು ಕೆಳಗೆ ಬರೆದಿದ್ದಳು.

ನಡುವೆ ಅಟ್ಟ ಬಿದ್ದ ಜಾಗಕ್ಕೆ ಒಂದು ಚುಕ್ಕೆ. ಅದರ ಮೇಲ್ಗಡೆ, ಉತ್ತರಕ್ಕೆ, ಕೆಂಪು ಗೆರೆಯ ದೊಡ್ಡ ಚೌಕ. ಹುಡುಕುತ್ತಿದ್ದದ್ದು ಆ ಚೌಕದೊಳಗೆ. ಪರಶುಗೆ ಮೊದಲು ನಕ್ಷೆ ತಲೆಕೆಳಗಾಗಿದೆ ಅನ್ನಿಸಿತು. ಮೊಬೈಲನ್ನು ತಿರುಗಿಸಿದ, ನಕ್ಷೆಯೂ ತಿರುಗಿ ಮತ್ತೆ ನೆಟ್ಟಗೆ ನಿಂತಿತು. ಹದಿನೆಂಟು ದಿನ ಅಟ್ಟದ ಮೇಲಿಂದ ಒಗೆದ ಚಹಾದ ಕಪ್ಪು, ಬೀಡಿಯ ತುಂಡು, ಒಮ್ಮೆ ಗಾಳಿಗೆ ಹಾರಿದ ದ್ಯಾಮೇಶನ ಟೊಪ್ಪಿಗೆ ಎಲ್ಲವೂ ದಕ್ಷಿಣಕ್ಕೆ ಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಭರತ ಇಳಿತಕ್ಕೆ ನೀರು ಅತ್ತಿತ್ತ ತುಯ್ದಾಡಿದರೂ ಕೊನೆಗೆ ಎಳೆಯುತ್ತಿದ್ದದ್ದು ದಕ್ಷಿಣಕ್ಕೇ. ಇವರು ಉತ್ತರಕ್ಕೆ ಯಾಕೆ ಹೋದರು?

ಹಾಗೆ ಕೇಳಿಕೊಂಡ ಕ್ಷಣವೇ ಉತ್ತರವೂ ಹೊಳೆಯಿತು.

ಹಿತ್ತಾಳೆಯ ಮೀನು ನೀರಿಗೆ ಎದುರಾಗಿ ಮೂತಿ ಮಾಡಿ ನಿಲ್ಲುತ್ತದೆ. ನೀರು ಉತ್ತರದಿಂದ ಬಂದರೆ ಮೂತಿ ಉತ್ತರಕ್ಕೆ. ಅವನು ಉತ್ತರ ಎಂದು ಬರೆದ, ಅವರು ಅದನ್ನು ನೀರು ಹೋಗುವ ದಿಕ್ಕೆಂದು ಓದಿಕೊಂಡರು. ಅದೇ ಹಾಳೆಯ ಪಕ್ಕದ ಸಾಲಿನಲ್ಲಿ ಗಾಳಿಯನ್ನೂ ಬರೆಯುತ್ತಿದ್ದ, ಪಶ್ಚಿಮದಿಂದ ಬಂದರೆ ಪಶ್ಚಿಮ ಎಂದು. ಗಾಳಿಯ ಮಟ್ಟಿಗೆ ಅದು ಸರಿಯಂತೆ. ಆದರೆ ಸಮುದ್ರದವರ ಲೆಕ್ಕದಲ್ಲಿ ಗಾಳಿಗೆ ಬಂದ ದಿಕ್ಕು, ನೀರಿಗೆ ಹೋಗುವ ದಿಕ್ಕು. ಈ ಕಾನೂನು ಮಾಡಿದ ಪುಣ್ಯಾತ್ಮ ಯಾರೋ, ಅವನಂತೂ ಮುಶಿಗೇರಿಯವನಲ್ಲ. ಮುಶಿಗೇರಿಯಲ್ಲಿ ಗಾಳಿಗೂ ನೀರಿಗೂ ಇರುವುದು ಒಂದೇ ದಿಕ್ಕು, ಬಂದ ದಿಕ್ಕು. ಹಳ್ಳ ಬಂತೆಂದರೆ ಊರೆಲ್ಲ ಓಡಿ ಬಂದು ಕೇಳುವುದು “ಯಾವ ಕಡಿ ನೀರು?” ಎಂದೇ. ಗುಡ್ಡದ ಕಡೆ ಮಳೆಯಾಯಿತೋ ರೋಣದ ಕಡೆ ಆಯಿತೋ, ನಾಳೆ ಬಿತ್ತಬಹುದೋ ಇಲ್ಲವೋ, ಅದಷ್ಟೇ ಬೇಕು. ಹರಿದು ಹೋಗುವ ನೀರು ಎಲ್ಲಿಗೆ ಹೋಗುತ್ತದೆಂದು ಆ ಊರಲ್ಲಿ ಯಾರೂ ಕೇಳಿದವರಿಲ್ಲ. ಗಜೇಂದ್ರಗಡದ ಶೈಲಶ್ರೀಗೂ ಗೊತ್ತಿದ್ದ ಮಾತೇ ಇದು, ಓದಿ ಮರೆತಿದ್ದಳು. ಮೂತಿ ಬರೆಯುತ್ತೀಯೋ ಬಾಲ ಬರೆಯುತ್ತೀಯೋ ಎಂದು ಆಕೆ ಕೇಳಲಿಲ್ಲ. ಕೇಳಬೇಕಾದ ಮಾತು ಎಂದು ಇವನಿಗೆ ತೋಚಲಿಲ್ಲ.

ಇನ್ನೂ ಒಂದಿತ್ತು. ಪುಸ್ತಕ ನೋಡಿ ಶೈಲಶ್ರೀ ಕಲ್ಲಿನ ಮೂಟೆಗಳನ್ನೆಲ್ಲ ಅಟ್ಟದ ದಕ್ಷಿಣದ ಎರಡು ಕಾಲುಗಳ ಬುಡಕ್ಕೆ ಇಳಿಸಿದ್ದಳು. ನೀರು ಬಡಿದದ್ದು ಉತ್ತರದ ಕಾಲುಗಳಿಗೆ. ಅಟ್ಟ ಬಿದ್ದದ್ದು ಆ ಕಡೆಯಿಂದಲೇ. ಅಂದರೆ ಬೀಳಿಸಿದ್ದೂ ತನ್ನ ಮುತ್ತಿನಂಥ ಅಕ್ಷರವೇ, ಹುಡುಕುವವರನ್ನು ಬಿದ್ದವನಿಗೆ ಬೆನ್ನು ಮಾಡಿಸಿ ಕಳಿಸಿದ್ದೂ ಅದೇ.

“ಏನ್ ಬಂತೋ ಪರಶು?” ಎಂದು ಅಂದಾನಪ್ಪ ಕೇಳಿದ.

“ಏನಿಲ್ಲ ಕಾಕಾ. ಹುಡುಕಾಕತ್ತಾರ” ಎಂದು ಪರಶು ಮೊಬೈಲನ್ನು ಕಿಸೆಗೆ ಹಾಕಿಕೊಂಡ. “ಇಲ್ಲಿ ನೆಟ್‌ವರ್ಕ್ ಚಲೋ ಇಲ್ಲ. ಗಜೇಂದ್ರಗಡಕ್ಕ ಹೋಗಿ ಫೋನ್ ಹಚ್ಚಿ ಕೇಳ್ತೀನಿ.”

ಹೊರಟಾಗ ಅವನ ಮನಸ್ಸಿನಲ್ಲಿ ಫೋನು ಹಚ್ಚುವುದೇ ಇತ್ತು. ಅಷ್ಟು ಮಟ್ಟಿಗೆ ಅವನನ್ನು ನಂಬಬಹುದು. ಟಂಟಂ ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ನಿಂಗಪ್ಪನದೇ ಫೋನು ಬಂತು.

“ಪರಶು, ಕೇಳಿಲ್ಲಿ. ಪೊಲೀಸರು ಬಂದಾರ. ಅಟ್ಟ ಯಾಕ ಬಿತ್ತು ಅಂತ ಕಾಗದ ತಗಿಸಾಕತ್ತಾರ. ನೀರಿನ ಪುಸ್ತಕ ಬರದಾಂವ ಯಾರು ಅಂತ ಕೇಳಿದ್ರು, ಊರಿಗೆ ಹೋಗ್ಯಾನ ಅಂದೀನಿ. ಯಾರ್ ಕೇಳಿದ್ರೂ ನೀ ಬಾಯಿ ಬಿಡಬ್ಯಾಡ. ದೊಡ್ಡವರು ಜಾರ್ಕೊಂತಾರ, ಕಡೀಗೆ ನಿನ್ನ ತಲಿಗೆ ಕಟ್ತಾರ.”

ಫೋನು ಇಟ್ಟಾಗ ಹನ್ನೆರಡೂವರೆ. ಮೊಬೈಲಿನ ತಲೆಯ ಮೇಲೆ ಸಿಗ್ನಲ್ಲಿನ ಕಡ್ಡಿಗಳೆಲ್ಲ ತುಂಬಿ ನಿಂತಿದ್ದವು. ಪರಶು ಸಿಮೆಂಟಿನ ಬೆಂಚಿನ ಮೇಲೆ ಕೂತ. ದ್ಯಾಮೇಶನನ್ನು ಕೊಂದವನು ನೀನೇ ಎಂದು ಯಾರೋ ಬಂದು ಕೊರಳಪಟ್ಟಿ ಹಿಡಿಯುತ್ತಾರೆ, ಉಡಚವ್ವನ ಎದುರಿಗೇ ಜೀಪು ಹತ್ತಿಸುತ್ತಾರೆ ಎಂದು ಅನಿಸಿತು. ನರಗುಂದದ ಬಸ್ಸು ಬಂತು, ಹೋಯಿತು. ಇಳಕಲ್ಲಿನದು ಬಂತು, ನೇಕಾರರ ಸೀರೆಯ ಗಂಟುಗಳನ್ನು ಹೇರಿಕೊಂಡು ಹೋಯಿತು. ಅವರು ದೊಡ್ಡ ಮಂದಿ, ಹೆಲಿಕಾಪ್ಟರಿದೆ, ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ನೋಡದೆ ಬಿಡುತ್ತಾರೆಯೆ ಎಂದುಕೊಂಡ. ಇಷ್ಟೊತ್ತಿಗೆ ಸಿಕ್ಕಿರಲೂಬಹುದು ಎಂದುಕೊಂಡ. ಮೂರು ಸಲ ಶೈಲಶ್ರೀಯ ಹೆಸರು ತೆಗೆದ, ಮೂರು ಸಲವೂ ಬೆರಳು ಒತ್ತಲಿಲ್ಲ. ಹೆದರಿದ ಮನುಷ್ಯನಿಗೆ ನೆಪ ಹುಡುಕುವುದರಲ್ಲಿ ಇರುವ ಬುದ್ಧಿ ಬೇರೆ ಯಾವುದರಲ್ಲೂ ಇರುವುದಿಲ್ಲ. ಅಲ್ಲಿ ಜಾಕೀಟು ಹಾಕಿಕೊಂಡ ಒಬ್ಬ ಮನುಷ್ಯ ನೀರಲ್ಲಿದ್ದ, ಇವನು ಇಲ್ಲಿ ನೆರಳಲ್ಲಿ ಕೂತು ಎರಡು ಕಪ್ಪು ಚಹಾ ಕುಡಿದ.

ನಾಲ್ಕು ಗಂಟೆಗೆ ಶೈಲಶ್ರೀಯೇ ಫೋನು ಮಾಡಿದಳು. ದನಿ ಬಿದ್ದುಹೋಗಿತ್ತು. “ಪರಶು, ಆ ಚೌಕದಾಗ ಎಲ್ಲೂ ಇಲ್ಲ. ಇನ್ನೂ ಉತ್ತರಕ್ಕ ಹೋಗ್ರಿ ಅಂತ ಹೇಳಾಕತ್ತೀನಿ. ಮನಿಯವರಿಗೆ ಸ್ವಲ್ಪ ಸಮಾಧಾನ ಹೇಳು.”

ಇನ್ನೂ ಉತ್ತರಕ್ಕೆ ಎಂಬ ಮಾತು ಕೇಳಿ ಪರಶುನ ಬಾಯಿ ತಾನಾಗಿ ಬಿಚ್ಚಿತು. “ಬ್ಯಾಡ್ರಿ ಅಕ್ಕಾರ! ದಕ್ಷಿಣಕ್ಕ ಹೋಗಂತ ಹೇಳ್ರಿ. ನಾ ಮೂತಿ ಬರದೀನ್ರಿ. ನೀರು ಬರೂ ಕಡಿ ಬರದೀನಿ, ಹೋಗೂ ಕಡಿ ಅಲ್ರಿ.”

ಫೋನು ಕಟ್ಟಾಯಿತೇನೋ ಎಂದು ಪರಶು ನೋಡಿಕೊಂಡ.

“ಎಲ್ಲಾ ದಿನಾನೂ?” ಎಂದು ಆಕೆ ಕೇಳಿದಳು.

“ಎಲ್ಲಾ ದಿನಾನೂರಿ.”

“ನನ್ನ ಮಾದರಿ ಮೊದಲ ದಕ್ಷಿಣಕ್ಕ ಅಂತನ ತೋರಿಸಿತ್ತು ಪರಶು. ನಿನ್ನ ಪುಸ್ತಕ ನೋಡಿ, ಅಲ್ಲಿ ನಿಂತು ಕಣ್ಣಿಲೆ ನೋಡಾಂವ ಬರದಾನಲ್ಲ ಅಂತ, ಹತ್ತು ದಿನ ಕುಂತು ನಾನ ಅದನ್ನ ತಿರುವಿದ್ನಿ.” ಆಕೆಯ ಉಸಿರು ಕೇಳಿಸಿತು. “ನಿನಗ ಇದು ಯಾವಾಗ ಗೊತ್ತಾತು?”

“ಈಗ್ರಿ” ಎಂದ ಪರಶು. “ಈಗ ನಕಾಶಿ ಬಿಚ್ಚಿ ನೋಡಿದೆ.”

ದೋಣಿಗಳು ತಿರುಗಿ ದಕ್ಷಿಣದ ನೀರು ಮುಟ್ಟುವಾಗ ಏಳು ಹೊಡೆದಿತ್ತು. ಕತ್ತಲಾಗಿ ಏನೂ ಕಾಣದೆ ಹಿಂತಿರುಗಿದರು. ಮಂಗಳವಾರ ಮುಂಜಾನೆ ಏಳಕ್ಕೆ, ಅಟ್ಟ ಬಿದ್ದ ಜಾಗದಿಂದ ಇಪ್ಪತ್ತೈದು ಮೈಲು ದಕ್ಷಿಣಕ್ಕೆ, ಮೀನುಗಾರರ ದೋಣಿಯೊಂದಕ್ಕೆ ದ್ಯಾಮೇಶ ಸಿಕ್ಕ. ಜಾಕೀಟು ಅವನನ್ನು ಮುಳುಗಲು ಬಿಟ್ಟಿರಲಿಲ್ಲ. ಜಾಕೀಟಿಗೆ ಕಟ್ಟಿದ ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ತೆಗೆಯಲು ಬಹಳ ಕಷ್ಟವಾಯಿತೆಂದು ಎತ್ತಿದವರು ಹೇಳಿದರು.

ಬುಧವಾರ ಮುಂಜಾನೆ ಅಂಬ್ಯುಲೆನ್ಸು ಮುಶಿಗೇರಿಗೆ ಬಂತು, ಮಧ್ಯಾಹ್ನ ಮಣ್ಣು ಕೊಟ್ಟರು. ಯಾರು ಹೇಳಿದರೋ, ಪರಶು ಫೋನಿನಲ್ಲಿ ದಿಕ್ಕು ಹೇಳಿದ್ದರಿಂದಲೇ ದ್ಯಾಮೇಶ ಸಿಕ್ಕನೆಂಬ ಮಾತು ಅಂಬ್ಯುಲೆನ್ಸಿಗಿಂತ ಮೊದಲೇ ಊರಿಗೆ ಬಂದಿತ್ತು. “ನಿನ್ನಿಂದ ಮಣ್ಣರ ಸಿಕ್ತಲ್ಲೋ ತಮ್ಮಾ. ಇಲ್ಲಾಂದ್ರ ಮೀನದ ಬಾಯಿಗೆ ಬೀಳ್ತಿದ್ದ” ಎಂದು ಅಂದಾನಪ್ಪ ಅವನ ಬೆನ್ನು ಸವರಿದ. ಕುಣಿಯಲ್ಲಿ ಮೊದಲ ಹಿಡಿ ಮಣ್ಣನ್ನು ಅವನ ಕೈಯಿಂದಲೇ ಹಾಕಿಸಿದರು.

ಮಂದಿಯೆಲ್ಲ ಚದುರಿದ ಮೇಲೆ, ಇಳಿಹೊತ್ತಿನಲ್ಲಿ, ಉಡಚವ್ವ ಒಳಗಿನಿಂದ ಒಂದು ಲಕೋಟೆ ತಂದು ಪರಶುನ ಮುಂದೆ ಇಟ್ಟಳು. ಹೆಣದ ಜೊತೆ ಸರಕಾರಿ ದವಾಖಾನೆಯವರು ಕೊಟ್ಟ ಕಾಗದ.

“ಯಾವಾಗ ಸತ್ತ ಅಂತ ಬರದಾರ, ನೋಡು” ಎಂದಳು.

ಇಂಗ್ಲಿಷಿನಲ್ಲಿತ್ತು. ಆ ಓಣಿಯಲ್ಲಿ ಅದನ್ನು ಓದಬಲ್ಲವನು ಅವನೊಬ್ಬನೇ. ರವಿವಾರ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಿದ್ದ ಕೂಡಲೇ ಹೋದ, ನೋವಾಗಲಿಲ್ಲ ಎಂದು ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ, ಅದನ್ನು ಪಾಪ ಎಂದು ಯಾರೂ ಎಣಿಸುವುದಿಲ್ಲ. ಆಕೆ ಅವನ ಬಾಯಿಯನ್ನೇ ನೋಡುತ್ತಿದ್ದಳು.

“ಮಂಗಳವಾರ ನಸುಕಿನ್ಯಾಗ” ಎಂದ ಪರಶು. “ಎರಡರಿಂದ ನಾಕರ ನಡುವ.”

ಉಡಚವ್ವ ಬೆರಳು ಮಡಚಿದಳು. “ಐತಾರ ಬಿದ್ದ. ಸೋಮಾರ ಹಗಲೆಲ್ಲಾ ಇದ್ದ ಅಂದಂಗಾತು.”

“ಇದ್ದ.”

“ಸೋಮಾರ ಮುಂಜಾನಿ ಆ ಫೋನ್ ನೋಡಿ ನಿನ್ನ ಮಾರಿ ಸುಣ್ಣದಂಗ ಆತು. ನಾ ಕಂಬಕ್ಕ ಒರಗಿ ನಿನ್ನನ್ನ ನೋಡಾಕತ್ತಿದ್ನಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಪರಶುಗೆ ಸಹಿಸಲಾಗಲಿಲ್ಲ. “ದ್ಯಾಮ್ಯಾ ಹೋದ ಅಂತ ಸುದ್ದಿ ಬಂದೈತಿ, ಇಂವ ಮುಚ್ಚಿಡಾಕತ್ತಾನ ಅಂತ ತಿಳಕೊಂಡೆ. ಕೇಳಿದ್ರ ಹೇಳಿಬಿಡ್ತಿ ಅಂತ ಹೆದರಿ ಕೇಳಲಿಲ್ಲ. ನಾ ಕೇಳೂತನಾ ಅಂವ ಇದ್ದಂಗ ಅಂತ ಸುಮ್ಮನ ಕುಂತೆ.”

ಪರಶು ಕೈಯಲ್ಲಿದ್ದ ಕಾಗದವನ್ನು ಕೆಳಗಿಟ್ಟ.

“ಆವಾಗನ ನಿನಗ ತಿಳಿದಿತ್ತು, ಹೌದಿಲ್ಲೋ? ನೀರು ಯಾವ ಕಡಿ ಹೊಂಟೈತಿ ಅಂತ?”

“ಹೌದು ಚಿಗವ್ವಾ. ಹನ್ನೊಂದಕ್ಕ.”

ಹನ್ನೊಂದರಿಂದ ಕತ್ತಲಾಗುವ ತನಕ ಎಷ್ಟು ಹಗಲಿತ್ತೆಂದು ಲೆಕ್ಕ ಹಾಕಲು ಉಡಚವ್ವನಿಗೆ ಬೆರಳು ಬೇಕಾಗಲಿಲ್ಲ. ಅಷ್ಟು ಹಗಲಲ್ಲಿ ಐದು ಗುಂಟೆ ಕಳೆ ತೆಗೆಯುವವಳು ಅವಳು.

“ಒಂದ ಮಾತು ಹೇಳು” ಎಂದಳು. “ನಾ ಅವತ್ತ ಬಾಯಿ ಬಿಟ್ಟು ಕೇಳಿದ್ರ ನೀ ಹೇಳ್ತಿದ್ದೇನು, ಪರಶು?”

ಹೇಳುತ್ತಿದ್ದ. ಅದರಲ್ಲಿ ಪರಶುಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಈ ಮುಖ ಎದುರಿಗೆ ಬಂದು ಏನಾಯಿತೋ ಮಗನೇ ಎಂದಿದ್ದರೆ ಪೊಲೀಸು, ಜೀಪು, ನಿಂಗಪ್ಪ ಯಾವುದೂ ಅಡ್ಡ ಬರುತ್ತಿರಲಿಲ್ಲ. ಅಲ್ಲೇ ಕುಸಿದು ಕೂತು ಎಲ್ಲ ಹೇಳಿಬಿಡುತ್ತಿದ್ದ, ಹನ್ನೊಂದೂಕಾಲಿಗೆ ದೋಣಿಗಳು ತಿರುಗುತ್ತಿದ್ದವು. ಹೌದು ಎಂದು ಈಗ ಹೇಳಿದರೆ ಈ ಹೆಂಗಸು ಸಾಯುವ ತನಕ ದಿನವೂ ಆ ಕಂಬಕ್ಕೆ ಒರಗಿ, ಕೇಳದೆ ಉಳಿದ ಒಂದು ಮಾತನ್ನೇ ಕೇಳಿಕೊಳ್ಳುತ್ತ ಕೂರುತ್ತಾಳೆ.

“ಇಲ್ಲ” ಎಂದ. “ನೀ ಕೇಳಿದ್ರೂ ಹೇಳ್ತಿದ್ದಿಲ್ಲ. ಜೇಲಿಗೆ ಹಾಕ್ತಾರಂತ ಹೆದರಿದ್ದೆ. ನೀ ಕಾಲಿಗೆ ಬಿದ್ದು ಕೇಳಿದ್ರೂ ಹೇಳ್ತಿದ್ದಿಲ್ಲ.”

ಉಡಚವ್ವ ಕಾಗದವನ್ನು ಮಡಚಿ ಲಕೋಟೆಯೊಳಗೆ ಹಾಕಿದಳು.

“ಎದ್ದು ಹೋಗು” ಎಂದಳು. “ಮೂರನೇ ದಿನದ ಕಾರ್ಯಕ್ಕ ಬರಬ್ಯಾಡ. ನನ್ನ ಹೊಸ್ತಿಲಾ ತುಳಿಬ್ಯಾಡ ಇನ್ನ.”

ಪರಶು ಎದ್ದ. ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಒಳಗೆ ಅವಳು ದನಿ ತೆಗೆದು ಅಳತೊಡಗಿದ್ದು ಕೇಳಿಸಿತು. ಪರಶುನ ಹೆಸರು ಹಿಡಿದು, ಹಾಡಾಡಿಕೊಂಡು, ಶಾಪ ಹಾಕುತ್ತ ಅಳುತ್ತಿದ್ದಳು. ಅಕ್ಕಪಕ್ಕದ ಬಾಗಿಲುಗಳು ಒಂದೊಂದಾಗಿ ತೆರೆದವು. ಪರಶು ಯಾರ ಮುಖವನ್ನೂ ನೋಡದೆ ಓಣಿ ಹಿಡಿದು ನಡೆದ.